ಚೆಂಡೆ ಕೇಳಿಸದ ಟ್ಯಾಬ್

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಆಟ ಆಡುತ್ತಾರೆ. ಅಪ್ಪ ಅವುಗಳಲ್ಲಿ ತಮಗೆ ಸಿಕ್ಕಿದ್ದನ್ನೆಲ್ಲ ಸಂಗ್ರಹಿಸಿಟ್ಟಿದ್ದರು: ಮೊದಲು ವಿಸಿಡಿ, ಆಮೇಲೆ ಡಿವಿಡಿ, ಅದರ ನಂತರ ಕ್ಯಾಮ್‌ಕಾರ್ಡರ್, ಈಚೆಗೆ ಮೊಬೈಲ್. ಮೊಣಕಾಲು ನೋವಿನಿಂದಾಗಿ ಅವರು ಡೊಂಬಿವಲಿಯಿಂದ ಮಾಟುಂಗಕ್ಕೆ ಲೋಕಲ್‌ನಲ್ಲಿ ಹೋಗುವುದು ನಿಂತಾಗ, ಎಲ್ಲವನ್ನೂ ಒಂದು ಟ್ಯಾಬ್‌ಗೆ ತುಂಬಿಸಿ ಕೈಗೆ ಕೊಟ್ಟೆ.

ಅರ್ಧ ಗಂಟೆಯಲ್ಲಿ ಅಪ್ಪ ಕರೆದರು. "ವೇಷ ಕುಣಿಯುತ್ತಿದೆ, ಚೆಂಡೆ ಎಲ್ಲಿ?"

ಭಾಗವತರ ಬಾಯಿ ಆಡುತ್ತಿತ್ತು, ಪದ ಇರಲಿಲ್ಲ. ಚಿತ್ರ ಇಲ್ಲದಿದ್ದರೂ ಯಕ್ಷಗಾನವನ್ನು ಕೇಳಬಹುದು. ಹಿಮ್ಮೇಳವಿಲ್ಲದೆ ನೋಡುವುದು ಹೇಗೆ? ಆ ರಾತ್ರಿಯೇ ಹುಡುಕಲು ಕುಳಿತೆ.

ಕಡತದ ಹೆಸರಿನ ಕೊನೆಗಿರುವ ಎಂಪಿ4, ಎಂಕೆವಿ, ವಿಒಬಿ ಎಂಬವೆಲ್ಲ ಡಬ್ಬಿಯ ಹೆಸರುಗಳು ಮಾತ್ರ. ಒಳಗೆ ಚಿತ್ರವನ್ನು ಒಂದು ವಿಧಾನದಲ್ಲಿ, ಧ್ವನಿಯನ್ನು ಇನ್ನೊಂದು ವಿಧಾನದಲ್ಲಿ ಅಡಕ ಮಾಡಿರುತ್ತಾರೆ. ಚಿತ್ರಕ್ಕೆ ನಮ್ಮ ವಿಸಿಡಿಗಳಲ್ಲಿದ್ದದ್ದು ಎಂಪೆಗ್-1 ಎಂಬ ವಿಧಾನ, ಡಿವಿಡಿಗಳಲ್ಲಿ ಎಂಪೆಗ್-2, ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಕಡತಗಳಲ್ಲಿ ಎಚ್.264, ಹೊಸ ಮೊಬೈಲ್‌ನಲ್ಲಿ ಎಚ್ಇವಿಸಿ. ಡಿವಿಡಿ ಮತ್ತು ಕ್ಯಾಮ್‌ಕಾರ್ಡರ್ ಕಡತಗಳ ಧ್ವನಿ ಎಸಿ3 ರೂಪದಲ್ಲಿತ್ತು. ಪರವಾನಗಿಯ ಕಾರಣಕ್ಕೆ ಕೆಲವು ಆ್ಯಪ್‌ಗಳು ಅದನ್ನು ಕೈಬಿಟ್ಟಿವೆ. ಚೆಂಡೆ ಮಾಯವಾದದ್ದು ಅಲ್ಲಿ.

ಹಾಗಾಗಿ "ಎಲ್ಲ ರೂಪಗಳನ್ನೂ ತೋರಿಸುತ್ತದೆ" ಎಂಬ ಆ್ಯಪ್‌ಗಳ ಮಾತನ್ನು ಬದಿಗಿಟ್ಟು, ನಮ್ಮಲ್ಲೇ ಅತಿ ಹೆಚ್ಚು ಕಾಡುವ ಆರು ಕಡತಗಳನ್ನು ಆರಿಸಿಕೊಂಡೆ. ಪ್ರತಿ ಆ್ಯಪ್‌ನಲ್ಲಿಯೂ ಅವೇ ಆರು. ಒಂದರಲ್ಲಿ ವಿಸಿಡಿಯ ಡಿಎಟಿ ಕಡತ ಪಟ್ಟಿಯಲ್ಲೇ ಕಾಣಲಿಲ್ಲ. ಹೆಸರಿನ ಕೊನೆಯನ್ನು ಎಂಪಿಜಿ ಎಂದು ಬದಲಿಸಿದ ಮೇಲೆ ತೆರೆಯಿತು. ಇನ್ನೊಂದು ಎಲ್ಲವನ್ನೂ ತೋರಿಸಿತು, ಆದರೆ ಸ್ವಲ್ಪ ನಿಲ್ಲಿಸಿದರೆ ಸಾಕು, ಪರದೆ ತುಂಬ ಜಾಹೀರಾತು. ಎಪ್ಪತ್ತೆರಡು ವರ್ಷದವರ ಬೆರಳು ಅದರ ಮೇಲೆಯೇ ಬೀಳುತ್ತದೆ. ಅದನ್ನು ಆಗಲೇ ತೆಗೆದುಹಾಕಿದೆ.

ಕೊನೆಗೆ ಉಳಿದದ್ದು ವಿಎಲ್‌ಸಿ. 1996ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಇದು ಈಗಲೂ ಉಚಿತ, ಜಾಹೀರಾತೂ ಇಲ್ಲ. ಬಿಡಿಸಿ ಓದುವ ಸಾಧನಗಳನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಟ್ಯಾಬ್‌ನ ಚಿಪ್‌ಗೆ ಬಾರದ ರೂಪವನ್ನೂ ತಾನೇ ನಿಭಾಯಿಸುತ್ತದೆ. ಹಾಗೆ ನಿಭಾಯಿಸುವಾಗ ಬ್ಯಾಟರಿ ಬೇಗ ಇಳಿಯುತ್ತದೆ, ಟ್ಯಾಬ್ ಬಿಸಿಯಾಗುತ್ತದೆ. ಆದ್ದರಿಂದ ಚಿಪ್‌ಗೆ ಬರುವ ರೂಪಗಳನ್ನು ಚಿಪ್‌ಗೇ ಒಪ್ಪಿಸುವ ಹಾರ್ಡ್‌ವೇರ್ ವೇಗವರ್ಧನೆಯನ್ನು "ಸ್ವಯಂಚಾಲಿತ" ಎಂದೇ ಬಿಟ್ಟಿದ್ದೇನೆ.

ಅಪ್ಪನಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿದಾಗ ಇನ್ನೊಂದು ತೊಡಕು ಎದುರಾಯಿತು. ಪೆಟ್ಟು ಬಿದ್ದ ಮೇಲೆ ಸದ್ದು ಬರುತ್ತಿತ್ತು. ಸಿನಿಮಾ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಗಿರಗಿರನೆ ತಿರುಗುತ್ತಾ ನೆಗೆದು ಧಿಗಿಣ ಹಾಕುವ ಪುಂಡುವೇಷದ, ಅಂದರೆ ಎಳೆಯ ವೀರನ ಪಾತ್ರದ, ಕಾಲು ನೆಲ ಮುಟ್ಟುವುದಕ್ಕೂ ಚೆಂಡೆಯ ಪೆಟ್ಟಿಗೂ ಕೂದಲೆಳೆಯಷ್ಟು ಅಂತರವಿದ್ದರೂ ಅಪ್ಪನ ಮುಖ ಕಿವುಚುತ್ತದೆ. ವಿಎಲ್‌ಸಿಯಲ್ಲಿ ಧ್ವನಿಯನ್ನು ಹಿಂದಕ್ಕೋ ಮುಂದಕ್ಕೋ ಸರಿಸುವ ಸೌಲಭ್ಯವಿದೆ. ನಾನು ಒತ್ತುತ್ತಾ ಹೋದೆ, ಅವರು ತೊಡೆಯ ಮೇಲೆ ತಾಳ ಹಾಕುತ್ತಾ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಾ ಹೋದರು. "ಹಾಂ, ಈಗ ಕೂತಿತು" ಎಂದಾಗ ನಿಲ್ಲಿಸಿದೆ. ಸ್ಪೀಕರ್ ಬದಲಾದರೆ ಮತ್ತೆ ಹೊಂದಿಸಬೇಕಾಗುತ್ತದೆ.

ರಾತ್ರಿಯಿಡೀ ನಡೆದ ಆಟವನ್ನು ಬಿಟ್ಟ ಜಾಗದಿಂದಲೇ ಮುಂದುವರಿಸುವುದೂ ಅದರಲ್ಲಿದೆ. ಅಪ್ಪ ಒಂದು ಪ್ರಸಂಗವನ್ನು ಮೂರು ಮಧ್ಯಾಹ್ನಗಳಲ್ಲಿ ಮುಗಿಸುತ್ತಾರೆ.

ಒಂದು ಕೊರತೆ ಮಾತ್ರ ಉಳಿಯಿತು. ಕ್ಯಾಮ್‌ಕಾರ್ಡರ್ ಚಿತ್ರದ ಪ್ರತಿ ಚೌಕಟ್ಟು ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತುಗಳಲ್ಲಿ ದಾಖಲಾಗಿದೆ. ವೇಷ ಜೋರಾಗಿ ತಿರುಗಿದಾಗ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳುತ್ತವೆ. ಅವನ್ನು ಕಂಪ್ಯೂಟರ್‌ನಲ್ಲಿ, ವಿಡಿಯೊ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದ ಮೂಲಕ ಗೆರೆ ಕೂಡಿಸಿ ಎಂಪಿ4 ಮಾಡುತ್ತಿದ್ದೇನೆ, ಮೂಲ ಕಡತಗಳನ್ನು ಅಳಿಸದೆ. ಇನ್ನು ಹನ್ನೊಂದು ಬಾಕಿ ಇವೆ.