ಮುಖಕ್ಕೆ ಮಸಾಜ್: ತಿಕ್ಕುವ ಮುಂಚೆ ಇಷ್ಟು ನೋಡಿಕೊಳ್ಳಿ

ಮಸಾಜ್ ಆದ ತಕ್ಷಣ ಮುಖ ಕಳೆಕಳೆಯಾಗಿ ಕಾಣುತ್ತದೆ, ನಿಜ. ಆ ಹೊತ್ತಿಗೆ ಚರ್ಮದಲ್ಲಿ ರಕ್ತದ ಓಡಾಟ ಜಾಸ್ತಿಯಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಅದು ಇಳಿಯುತ್ತದೆ. ಅದನ್ನೇ ಉಳಿಸಿಕೊಳ್ಳಬೇಕು ಅಂತ ಜೋರಾಗಿ ತಿಕ್ಕಿದರೆ ತೊಂದರೆ ಶುರು.

ಮೊದಲು ಬೆಳಕಿನಲ್ಲಿ ಮುಖ ನೋಡಿಕೊಳ್ಳಿ. ಕೀವು ತುಂಬಿದ ಮೊಡವೆ, ತುಟಿ ಹತ್ತಿರ ನೀರುಗುಳ್ಳೆ, ಸಣ್ಣ ನರಹುಲಿ ಇದ್ದರೆ ಅವತ್ತು ಮಸಾಜ್ ಬೇಡ. ಗುಳ್ಳೆ, ನರಹುಲಿ ಎರಡೂ ವೈರಸ್‌ನಿಂದ ಬರುವಂಥವು, ತಿಕ್ಕಿದರೆ ಪಕ್ಕಕ್ಕೆ ಹರಡುತ್ತವೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುವವರು, ರೆಟಿನಾಲ್ ಇರುವ ಕ್ರೀಮ್ ಹಚ್ಚುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ, ಚರ್ಮ ಬೇಗ ಸುಲಿಯುತ್ತದೆ.

ಆಮೇಲೆ ಎಣ್ಣೆ. ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದು, ಆದರೆ ಮೊಡವೆ ಏಳುವ ಮುಖದಲ್ಲಿ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹೊಸದೇನಾದರೂ ಹಚ್ಚುವುದಿದ್ದರೆ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ನಿಂಬೆರಸ ಬೇಡವೇ ಬೇಡ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಕಲೆ ಉಳಿಯುತ್ತದೆ. ಪಾರ್ಲರ್‌ನಲ್ಲಿ ಹೆಸರಿಲ್ಲದ ಡಬ್ಬಿಯಿಂದ ಕ್ರೀಮ್ ತೆಗೆದರೆ ಏನದು ಅಂತ ಕೇಳಿ, ಸಂಕೋಚ ಬೇಡ. ಬೆಳ್ಳಗಾಗಲು ಅಂತ ಹಚ್ಚುವ ಕೆಲವು ಕ್ರೀಮುಗಳಲ್ಲಿ ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿ, ನಿಲ್ಲಿಸಿದರೆ ಇನ್ನೂ ಜಾಸ್ತಿ ಮೊಡವೆ.

ಈಗ ಕೈ. ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ಬಣ್ಣದ ಚರ್ಮಕ್ಕೆ ಒಂದು ಸ್ವಭಾವ ಇದೆ, ಎಲ್ಲಿ ಉರಿತವಾಯಿತೋ ಅಲ್ಲಿ ಕಪ್ಪಾಗುತ್ತದೆ, ಆ ಕಪ್ಪು ಹೋಗಲು ತಿಂಗಳುಗಟ್ಟಲೆ ಬೇಕು. ದಿನಾ ಒರಟು ಬಟ್ಟೆಯಲ್ಲೋ ಸ್ಕ್ರಬ್‌ನಲ್ಲೋ ಕೆನ್ನೆಮೂಳೆ ತಿಕ್ಕುವವರಿಗೆ ಅಲ್ಲೇ ಕಂದು ಪಟ್ಟೆ ಕೂರುತ್ತದೆ. ಕನ್ನಡಿ ಮುಂದೆ ಬೆರಳಾಡಿಸಿ ನೋಡಿ: ಬೆರಳಿನ ಮುಂದೆ ಚರ್ಮ ಮಡಿಕೆ ಬೀಳುತ್ತಿದ್ದರೆ ಒತ್ತಡ ಜಾಸ್ತಿಯಾಯಿತು ಅಂತ ಅರ್ಥ. ಬೆರಳು ಜಾರಬೇಕು, ಚರ್ಮ ಎಳೆಯಬಾರದು. ಕಣ್ಣಿನ ಕೆಳಗೆ ಉಂಗುರ ಬೆರಳು ಸಾಕು, ಕಣ್ಣುಗುಡ್ಡೆ ಒತ್ತಬೇಡಿ. ಐದು ನಿಮಿಷ ಸಾಕು. ಮುಖ ನೀವಲು ಬಳಸುವ ಗ್ವಾಶಾ ಅನ್ನುವ ಚಪ್ಪಟೆ ಕಲ್ಲಿನಲ್ಲಿ ಕೆರೆದರೂ ಇದೇ ಮಾತು, ಕೆಂಪು ಗೆರೆ, ನೀಲಿ ಕಲೆ ಬರುವಷ್ಟು ಬೇಡ.

ಕತ್ತಿನ ವಿಷಯದಲ್ಲಂತೂ ದಯವಿಟ್ಟು ಹುಷಾರು. ಗಂಟಲಿನ ಎರಡೂ ಬದಿ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳಿವೆ; ಅಲ್ಲಿ ಗಟ್ಟಿಯಾಗಿ ಒತ್ತಿದರೆ, ಅದರಲ್ಲೂ ವಯಸ್ಸಾದವರಿಗೆ, ನಾಡಿ ಇಳಿದು ತಲೆ ಸುತ್ತಬಹುದು. ಸಲೂನ್‌ನಲ್ಲಿ ಮಸಾಜ್ ಮುಗಿಸಿ ಕತ್ತು ತಿರುಚಿ ನೆಟಿಗೆ ತೆಗೆಯುತ್ತಾರಲ್ವಾ, ಅದನ್ನು ಬೇಡ ಅನ್ನಿ. ಅಪರೂಪಕ್ಕೆ ರಕ್ತನಾಳದ ಒಳಪದರ ಸೀಳಿ ಸ್ಟ್ರೋಕ್ ಆಗುವುದುಂಟು.

ಮುಗಿದ ಮೇಲೆ ಎಣ್ಣೆ ತೊಳೆದುಕೊಳ್ಳಿ, ಅವತ್ತೇ ಬ್ಲೀಚ್ ಮಾಡಿಸಬೇಡಿ, ಹೊರಗೆ ಹೋಗುವುದಿದ್ದರೆ ಸನ್‌ಸ್ಕ್ರೀನ್ ಇರಲಿ. ಮದುವೆ ಇದೆ ಅಂತ ಹಿಂದಿನ ದಿನ ಮೊದಲ ಸಲ ಫೇಶಿಯಲ್ ಮಾಡಿಸುವುದು ಬೇಡ, ವಾರವಾದರೂ ಮುಂಚೆ ಇರಲಿ. ಎರಡು ದಿನವಾದರೂ ಕೆಂಪು, ತುರಿಕೆ ಇಳಿಯದಿದ್ದರೆ ಅದರ ಮೇಲೆ ಇನ್ನೇನೂ ಹಚ್ಚದೆ, ಬಳಸಿದ ಕ್ರೀಮಿನ ಡಬ್ಬಿಯ ಫೋಟೊ ತಗೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.