ಇಟ್ಟುಕೊಳ್ಳಲು ಚಿನ್ನ, ಮಾರಲು ತೈಲ: 2023ರ ಮಾರ್ಚ್‌ನಲ್ಲಿ ನಾನು ಮಾಡಿದ್ದು

ಬ್ಯಾಂಕು ಮುಳುಗಿದ ಸುದ್ದಿ ಬಂದರೆ ಚಿನ್ನ ಏರುತ್ತದೆ, ಕಚ್ಚಾ ತೈಲ ಇಳಿಯುತ್ತದೆ. ಸಾಮಾನ್ಯವಾಗಿ ನಡೆಯುವುದು ಹೀಗೆ. ಆದರೂ "ಬ್ಯಾಂಕ್ ನಂಬೋ ಹಾಗಿಲ್ಲ, ಚಿನ್ನನೋ ಎಣ್ಣೆನೋ ತಗೊಂಡು ಇಟ್ಟುಬಿಡಿ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ನಮ್ಮ ಕಡೆ ಬಹಳ. 2023ರಲ್ಲಿ ನಾನು ಎರಡನ್ನೂ ಕೊಂಡೆ, ಆದರೆ ಬೇರೆ ಬೇರೆ ಲೆಕ್ಕದಲ್ಲಿ. ಚಿನ್ನ ಕೊಂಡದ್ದು ಇಟ್ಟುಕೊಳ್ಳಲು. ತೈಲ ಕೊಂಡದ್ದು ಮಾರಲೆಂದೇ.

ಮೂಡಿಗೆರೆ ಕಡೆ ನಮ್ಮದು ಚಿಕ್ಕ ರೋಬಸ್ಟಾ ಕಾಫಿ ತೋಟ. ನಮ್ಮಂಥವರ ಕೈಗೆ ವರ್ಷದ ಹಣ ಬರುವುದು ಚೆರಿ (ಕಾಫಿ ಹಣ್ಣು) ಒಣಗಿಸಿ ಮಾರಿದ ಮೇಲೆ, ಫೆಬ್ರವರಿ–ಮಾರ್ಚ್ ಹೊತ್ತಿಗೆ. ಮುಂದಿನ ಕೊಯ್ಲಿನವರೆಗೆ ಆಳಿನ ಕೂಲಿ, ಗೊಬ್ಬರ, ಮನೆ ಖರ್ಚು ಎಲ್ಲವೂ ಆ ಗಂಟಿನಿಂದಲೇ ಹೋಗಬೇಕು. ಸಂಬಳದವರಿಗೆ ತಿಂಗಳು ತಿಂಗಳು ಬರುವುದು ನಮಗೆ ಒಂದೇ ಸಲ ಬಂದು ಬ್ಯಾಂಕಿನಲ್ಲಿ ಕೂರುತ್ತದೆ. ಹಾಗಾಗಿ ಬ್ಯಾಂಕಿನ ವಿಷಯದಲ್ಲಿ ಬೆಳೆಗಾರ ಸಂಬಳದವನಿಗಿಂತ ಹೆಚ್ಚು ಎಚ್ಚರವಾಗಿರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಚಿನ್ನ, ತೈಲದ ಮಾತಿಗೆ ಮೊದಲು ಮಾಡಬೇಕಾದ ಕೆಲಸ ಠೇವಣಿ ಹಂಚುವುದು. 2020ರ ಫೆಬ್ರವರಿ 4ರಿಂದ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಅದು ಒಬ್ಬ ವ್ಯಕ್ತಿಗೆ, ಒಂದು ಬ್ಯಾಂಕಿಗೆ, ಅಸಲು–ಬಡ್ಡಿ ಎರಡೂ ಸೇರಿ. ಅದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಐದೇ ಲಕ್ಷ. ವಿಮೆ ಏರಿದ ಒಂದೇ ತಿಂಗಳಿಗೆ, ಮಾರ್ಚ್ 5ರಂದು, ಯೆಸ್ ಬ್ಯಾಂಕಿನ ಗ್ರಾಹಕರಿಗೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ನಿರ್ಬಂಧ ಬಿತ್ತು. ಎರಡು ವಾರದೊಳಗೆ ಅದು ತೆರವಾಯಿತು. ಆದರೆ ಕೂಲಿ ಬಟವಾಡೆ ಮಾಡಬೇಕಾದ ಶನಿವಾರಕ್ಕೆ ಎರಡು ವಾರ ಎಂದರೆ ಎಷ್ಟು ದೂರ ಎಂದು ತೋಟದವರಿಗೆ ಗೊತ್ತು.

ನಮ್ಮ ಕಡೆಯವರು ಮರೆಯುವ ಇನ್ನೊಂದು ವಿಷಯವಿದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವುಗಳಲ್ಲಿ ಇಟ್ಟ ಹಣಕ್ಕೆ ಈ ಐದು ಲಕ್ಷದ ವಿಮೆಯೇ ಇಲ್ಲ. ವಿಮೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರುತ್ತವೆ, ಸೊಸೈಟಿಗಳು ಸೇರುವುದಿಲ್ಲ. ನಮ್ಮ ಭಾವ ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ಇಂಥ ಒಂದು ಕಡೆ ಇಟ್ಟಿದ್ದ ಹಣವನ್ನು ನಾನೇ ಹಿಂದೆ ಬಿದ್ದು ತೆಗೆಸಿದೆ. "ಅವರೆಲ್ಲ ಪರಿಚಯದವರೇ ಕಣಯ್ಯ" ಎಂದರು. ಪರಿಚಯ ಬೇರೆ, ವಿಮೆ ಬೇರೆ.

ಇನ್ನು ಚಿನ್ನ. 2023ರಲ್ಲಿ ಸಾವರಿನ್ ಗೋಲ್ಡ್ ಬಾಂಡಿನ (ಚಿನ್ನದ ಬೆಲೆಗೆ ತಕ್ಕಂತೆ ಹಣ ಕೊಡುವ ಸರ್ಕಾರಿ ಸಾಲಪತ್ರ) ಒಂದು ಕಂತು ಮಾರ್ಚ್ 6ರಿಂದ 10ರವರೆಗೆ ತೆರೆದಿತ್ತು. ಗ್ರಾಂಗೆ 5,611 ರೂಪಾಯಿ, ಆನ್‌ಲೈನ್‌ನಲ್ಲಿ ಕಟ್ಟಿದರೆ 50 ರೂಪಾಯಿ ಕಡಿಮೆ. ಕಾಫಿ ದುಡ್ಡು ಬಂದಿತ್ತು, ಮಗಳ ಹೆಸರಿಗೆ ಪ್ರತಿ ವರ್ಷ ಒಂದಿಷ್ಟು ಚಿನ್ನ ಕೊಳ್ಳುವ ರೂಢಿಯೂ ಇತ್ತು, ಅರ್ಜಿ ಹಾಕಿದೆ. ಕಂತು ಮುಚ್ಚಿದ ಮಾರ್ಚ್ 10ರಂದೇ ಅಮೆರಿಕದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಾಗಿಲು ಹಾಕಿತು. ಬಡ್ಡಿ ಕಡಿಮೆ ಇದ್ದ ಕಾಲದಲ್ಲಿ ಆ ಬ್ಯಾಂಕು ಕೊಂಡ ದೀರ್ಘಾವಧಿ ಬಾಂಡುಗಳ ಬೆಲೆ, ಬಡ್ಡಿ ಏರಿದ ಮೇಲೆ ಕುಸಿದಿತ್ತು. ಅದು ಹೊರಬಿದ್ದ ಕೂಡಲೇ, ಮಾರ್ಚ್ 9ರ ಒಂದೇ ದಿನ ಠೇವಣಿದಾರರು 4,200 ಕೋಟಿ ಡಾಲರ್ ಹಿಂತೆಗೆಯಲು ಮುಗಿಬಿದ್ದಿದ್ದರು. ಎರಡು ದಿನಕ್ಕೆ ಸಿಗ್ನೇಚರ್ ಬ್ಯಾಂಕ್ ಹೋಯಿತು. 19ರಂದು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕನ್ನು ಅಲ್ಲಿಯದೇ ಇನ್ನೊಂದು ಬ್ಯಾಂಕಾದ ಯುಬಿಎಸ್ ತೆಕ್ಕೆಗೆ ಹಾಕಿದರು. 20ನೇ ತಾರೀಕು ನಮ್ಮಲ್ಲಿ 10 ಗ್ರಾಂ ಚಿನ್ನ 60,000 ದಾಟಿತು.

ಗೋಲ್ಡ್ ಬಾಂಡು ಕೊಂಡ ಹೊತ್ತು ಚೆನ್ನಾಗಿ ಒದಗಿತು. ಆದರೆ ಹೊತ್ತು ನೋಡಿ ಚಿನ್ನ ಕೊಳ್ಳುವವನಲ್ಲ ನಾನು. ಬ್ಯಾಂಕಿನಲ್ಲಿಟ್ಟ ಹಣ ಎಂದರೆ ನಾವು ಬ್ಯಾಂಕಿಗೆ ಕೊಟ್ಟ ಸಾಲ. ಚಿನ್ನ ಯಾರ ಸಾಲವೂ ಅಲ್ಲ, ಅದನ್ನು ಯಾರೂ ತೀರಿಸಬೇಕಿಲ್ಲ. ಸಾಲಗಾರರ ಮೇಲಿನ ನಂಬಿಕೆ ಅಲ್ಲಾಡಿದಾಗ ಜನ ಅದರ ಕಡೆ ಓಡುತ್ತಾರೆ. ಓಡಾಟ ಶುರುವಾದ ಮೇಲೆ ಅಂಗಡಿಗೆ ಹೋದವನಿಗೆ ಸಿಗುವುದು ಏರಿದ ಬೆಲೆ, ಹಾಗಾಗಿ ಚಿನ್ನ ಮೊದಲೇ ಕೈಯಲ್ಲಿರಬೇಕು. ಗಾಬರಿ ಶುರುವಾದ ದಿನವೇ ಚಿನ್ನ ಏರುತ್ತದೆ ಎಂಬ ಖಾತರಿಯೂ ಇಲ್ಲ. 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಬಿದ್ದ ಮೇಲೆ ಹಣದ ಅಡಚಣೆಗೆ ಸಿಕ್ಕವರು ಚಿನ್ನವನ್ನೂ ಮಾರಿದರು. ಡಾಲರ್ ಲೆಕ್ಕದಲ್ಲಿ ಅದು ಇಳಿದು, ಆಮೇಲೆ ಏರಿತು. 2020ರ ಮಾರ್ಚ್‌ನಲ್ಲೂ ಹಾಗೆಯೇ ಆಯಿತು. ಇಂಥ ಇಳಿತದಲ್ಲಿ ನಾನು ಮಾರುವುದಿಲ್ಲ.

ಬಾಂಡು ಕೂಡ ಸರ್ಕಾರದ ಸಾಲವೇ ಅಲ್ಲವೇ ಎಂದು ಕೇಳಬಹುದು. ಹೌದು. ನನಗೆ ಭಯ ಇರುವುದು ಬ್ಯಾಂಕಿನದು, ಸರ್ಕಾರದ್ದಲ್ಲ. ಬಾಂಡಿಗೆ ಕೊಂಡ ಬೆಲೆಯ ಮೇಲೆ ವರ್ಷಕ್ಕೆ 2.5 ಪರ್ಸೆಂಟ್ ಬಡ್ಡಿ ಬರುತ್ತದೆ, ಮೊದಲು ಕೊಂಡವರೇ ಎಂಟು ವರ್ಷ ಪೂರ್ತಿ ಇಟ್ಟುಕೊಂಡರೆ ಬೆಲೆ ಏರಿದ ಲಾಭಕ್ಕೆ ತೆರಿಗೆ ಇಲ್ಲ, ಬಡ್ಡಿಗೆ ಮಾತ್ರ ಇದೆ. ಒಡವೆಯಾದರೆ ಶೇಕಡಾ 3 ಜಿಎಸ್‌ಟಿ, ಮೇಲೆ ಮಜೂರಿ, ವೇಸ್ಟೇಜು. ಮಾರುವಾಗ ಇವು ಯಾವುವೂ ವಾಪಸ್ ಬರುವುದಿಲ್ಲ. ಹಾಗೆಂದು ಒಡವೆ ಪೂರಾ ಬೇಡವೆನ್ನುವುದಿಲ್ಲ. ಮನೆಯವಳ ಎರಡೆಳೆ ಸರ ಬ್ಯಾಂಕಿನಲ್ಲಿ ಅಡವಿಟ್ಟು ಕೂಲಿ ಕೊಟ್ಟ ವರ್ಷಗಳಿವೆ. ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಹಣ ಕೈಯಲ್ಲಿರುತ್ತದೆ. ಆ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಹಾಲ್‌ಮಾರ್ಕ್ ಇರಲಿ, 2023ರ ಏಪ್ರಿಲ್‌ನಿಂದ ಕಡ್ಡಾಯವಾದ, ಪ್ರತಿ ಒಡವೆಗೂ ಬೇರೆಯೇ ಇರುವ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಗುರುತು ಇರಲಿ, ಅಷ್ಟೇ.

ತೈಲದ ಕಥೆ ಬೇರೆ. ಬ್ಯಾಂಕು ಬಿದ್ದರೆ ಸಾಲ ಸಿಗುವುದಿಲ್ಲ, ಕಾರ್ಖಾನೆ ನಿಧಾನವಾಗುತ್ತದೆ, ಲಾರಿ ಓಡುವುದಿಲ್ಲ, ಎಣ್ಣೆ ಬೇಡವಾಗುತ್ತದೆ ಎಂದು ಪೇಟೆ ಮುಂಚೆಯೇ ಲೆಕ್ಕ ಹಾಕುತ್ತದೆ. 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ್ದ ಬ್ಯಾರೆಲ್ ಡಿಸೆಂಬರ್‌ಗೆ 40ಕ್ಕಿಂತ ಕೆಳಗೆ ಬಂದಿತ್ತು. 2023ರ ಮಾರ್ಚ್ ಮೊದಲ ವಾರ 85 ಡಾಲರ್ ಹತ್ತಿರವಿದ್ದ ಬ್ರೆಂಟ್ (ಜಗತ್ತು ಬೆಲೆಗೆ ಅಳತೆಗೋಲಾಗಿ ನೋಡುವ ಕಚ್ಚಾ ತೈಲ), 20ರ ಹೊತ್ತಿಗೆ 70ರ ಹತ್ತಿರ ಬಂತು. ಅಷ್ಟರಲ್ಲಿ ಜಗತ್ತಿನಲ್ಲಿ ಒಂದು ಲಾರಿಯೂ ನಿಂತಿರಲಿಲ್ಲ. ಹೀಗೆ ಬರೀ ಭಯಕ್ಕೆ ಬಿದ್ದ ಬೆಲೆಯಲ್ಲಿ ಕೊಳ್ಳಬಹುದು ಎಂದು ನನಗೆ ಅನಿಸಿತು.

ಆದರೆ ಕೊಳ್ಳುವುದು ಹೇಗೆ? ಡ್ರಮ್ಮಿನಲ್ಲಿ ತಂದು ಕಣದಲ್ಲಿ ಇಡುವ ವಸ್ತುವಲ್ಲ. ಚಿಕ್ಕಪ್ಪನ ಮಗ ಚಿಕ್ಕಮಗಳೂರಿನಲ್ಲಿ, ಚಿನ್ನ–ತೈಲದಂಥ ಸರಕುಗಳನ್ನು ಮುಂದಿನ ತಾರೀಕಿನ ಕರಾರಿನ ಮೇಲೆ ಕೊಂಡು ಮಾರುವ ಎಂಸಿಎಕ್ಸ್ ಪೇಟೆಯಲ್ಲಿ ಟ್ರೇಡಿಂಗ್ ಮಾಡುತ್ತಾನೆ.

"ಅಣ್ಣ, ಎಂಸಿಎಕ್ಸ್‌ನಲ್ಲಿ ಒಂದು ಲಾಟ್ ಎತ್ತಿಬಿಡು. ಪೂರ್ತಿ ದುಡ್ಡು ಬೇಡ, ಮಾರ್ಜಿನ್ ಕಟ್ಟಿದರೆ ಸಾಕು."

"ಒಂದು ಲಾಟ್ ಅಂದ್ರೆ ಎಷ್ಟಪ್ಪ?"

"ನೂರು ಬ್ಯಾರೆಲ್."

ಕಾಫಿ ತೂಕದ ಚೀಟಿಯ ಹಿಂದೆ ಬರೆದು ನೋಡಿದೆವು. ಬ್ಯಾರೆಲ್ಲಿಗೆ 100 ರೂಪಾಯಿ ಇಳಿದರೆ ಲಾಟಿಗೆ 10,000 ನಷ್ಟ, ಅದನ್ನು ಅಂದೇ ತುಂಬಬೇಕು. ತುಂಬದಿದ್ದರೆ ಕೇಳದೆ ಮಾರಿಬಿಡುತ್ತಾರೆ. 2020ರ ಏಪ್ರಿಲ್ 20ರಂದು ಅಮೆರಿಕದ ಕ್ರೂಡ್ (ಕಚ್ಚಾ ತೈಲ) ಮೈನಸ್ 37.63 ಡಾಲರಿಗೆ ಹೋದಾಗ ನಮ್ಮ ಎಂಸಿಎಕ್ಸ್ ಆ ತಿಂಗಳ ಕಾಂಟ್ರಾಕ್ಟನ್ನು ಬ್ಯಾರೆಲ್ಲಿಗೆ ಮೈನಸ್ 2,884 ರೂಪಾಯಿಗೆ ಇತ್ಯರ್ಥ ಮಾಡಿತು. ಕೊಂಡು ಇಟ್ಟುಕೊಂಡಿದ್ದವನು, ಹಾಕಿದ್ದೆಲ್ಲ ಸೊನ್ನೆಯಾದ ಮೇಲೂ ಲಾಟಿಗೆ 2,88,400 ರೂಪಾಯಿ ಕೈಯಿಂದ ಕಟ್ಟಬೇಕಾಯಿತು. ನೀರಿನ ಪಂಪಿಗೆ ಡೀಸೆಲ್ ಹಾಕಿಸಬೇಕಾದ ತಿಂಗಳಲ್ಲಿ ಈ ಆಟ ನನಗೆ ಬೇಡ ಎಂದೆ. ಇಂದಿಗೂ ಅದೇ ಮಾತು.

ಉಳಿದದ್ದು ಷೇರು. ಇಲ್ಲಿ ಜನ ಎಡವುವ ಜಾಗ ಒಂದಿದೆ. ತಮ್ಮ ಹೇಳಿದ, "ಹಾಗಾದ್ರೆ ಎಂಆರ್‌ಪಿಎಲ್ ತಗೊ, ನಮ್ಮ ಕಡೆಯ ಕಂಪನಿ." ಎಂಆರ್‌ಪಿಎಲ್ ಎಂದರೆ ಮಂಗಳೂರಿನ ತೈಲ ಸಂಸ್ಕರಣಾಗಾರ. ಮಂಗಳೂರಿನಿಂದ ಘಟ್ಟ ಹತ್ತಿ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೈಪ್‌ಲೈನಿನಲ್ಲಿ ಹರಿಯುವುದು ಅಲ್ಲಿಯ ಪೆಟ್ರೋಲು–ಡೀಸೆಲ್, ಅದು ನಿಜ. ಆದರೆ ಸಂಸ್ಕರಣಾಗಾರ ಕಚ್ಚಾ ತೈಲ ಕೊಳ್ಳುವ ಗಿರಾಕಿ. ಬಂಕ್ ನಡೆಸುವ ಕಂಪನಿಗಳಿಗಂತೂ ಕ್ರೂಡ್ ಏರಿದರೆ ನಷ್ಟವೇ. ತೈಲದ ಬೆಲೆ ಏರಿದಾಗ ಲಾಭ ಬೇಕೆಂದರೆ ನೆಲದಿಂದ ತೆಗೆಯುವವನ ಷೇರು ಕೊಳ್ಳಬೇಕು. ನಮ್ಮಲ್ಲಿ ಅಂಥ ದೊಡ್ಡವು ಒಎನ್‌ಜಿಸಿ, ಆಯಿಲ್ ಇಂಡಿಯಾ. ಒಎನ್‌ಜಿಸಿ ಆಗ 150 ರೂಪಾಯಿ ಆಸುಪಾಸಿನಲ್ಲಿತ್ತು. ಪೂರ್ತಿ ಹಣ ಕೊಟ್ಟು, ಮಾರ್ಚ್ ಕೊನೆಯ ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಂಡೆ. ಉಳಿತಾಯದ ಹತ್ತು ಪಾಲಿನಲ್ಲಿ ಚಿನ್ನ ಎರಡು ಪಾಲಿದ್ದರೆ ಇದು ಅರ್ಧ ಪಾಲು, ಅದಕ್ಕಿಂತ ಹೆಚ್ಚಿಲ್ಲ.

ಅರ್ಧ ಪಾಲು ಯಾಕೆಂದರೆ ತೈಲದ ಬೆಲೆಯಲ್ಲಿ ಎರಡು ಕೈ ಆಡುತ್ತವೆ. ಒಂದು ಒಪೆಕ್ ಪ್ಲಸ್, ಅಂದರೆ ತೈಲ ತೆಗೆಯುವ ದೇಶಗಳ ಕೂಟ. 2023ರ ಏಪ್ರಿಲ್ 2, ಭಾನುವಾರ, ಇದ್ದಕ್ಕಿದ್ದಂತೆ ಉತ್ಪಾದನೆ ಕಡಿತ ಘೋಷಿಸಿದರು. ಸೋಮವಾರ ಬ್ರೆಂಟ್ ಸುಮಾರು ಶೇಕಡಾ 6 ಜಿಗಿಯಿತು. ಇನ್ನೊಂದು ಕೈ ನಮ್ಮ ಸರ್ಕಾರದ್ದು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ದೇಶದೊಳಗೆ ತೆಗೆದ ಕಚ್ಚಾ ತೈಲಕ್ಕೆ ವಿಂಡ್‌ಫಾಲ್ ತೆರಿಗೆ (ಬೆಲೆ ಏರಿ ತಾನಾಗಿ ಬಂದ ಲಾಭದ ಮೇಲಿನ ತೆರಿಗೆ) ಇತ್ತು. ಏಪ್ರಿಲ್ 4ರಂದು ಅದನ್ನು ಸೊನ್ನೆಗೆ ಇಳಿಸಿದರು, ಬೆಲೆ ಏರಿದ್ದು ನೋಡಿ 19ರಂದು ಟನ್ನಿಗೆ 6,400 ರೂಪಾಯಿ ಹಾಕಿದರು. ಅಂದರೆ ಆಗ ಏರಿಕೆಯ ಒಳ್ಳೆಯ ಭಾಗ ಕಂಪನಿಗೆ ದಕ್ಕುತ್ತಿರಲಿಲ್ಲ. ಇಂಥ ವಸ್ತುವನ್ನು ಮಗಳ ಹೆಸರಿಗೆ ಬರೆದಿಡಲು ಬಾರದು. ಮೇ–ಜೂನ್‌ನಲ್ಲಿ ಬ್ರೆಂಟ್ ಮತ್ತೆ 75ರ ಸುತ್ತ ಬಂದಾಗ ಡಿವಿಡೆಂಡ್ ಬರುತ್ತದಲ್ಲ ಎಂದು ಸುಮ್ಮನೆ ಕುಳಿತೆ. ಸೆಪ್ಟೆಂಬರ್‌ನಲ್ಲಿ 90 ದಾಟಿದಾಗ ಅರ್ಧ ಮಾರಿದೆ. ಉಳಿದರ್ಧವನ್ನು 2024ರ ಜುಲೈನಲ್ಲಿ, ಷೇರು 300 ದಾಟಿದ ಮೇಲೆ ಮಾರಿದೆ. ಆ ದುಡ್ಡಿನಲ್ಲಿ ಹಳೆಯ ಸ್ಪ್ರಿಂಕ್ಲರ್ ಪೈಪುಗಳನ್ನು ಬದಲಾಯಿಸಿದೆ.

ಕ್ರೂಡ್ ಅಷ್ಟು ಇಳಿದರೂ ನಮ್ಮ ಬಂಕಿನಲ್ಲಿ ಡೀಸೆಲ್ ಇಳಿಯಲಿಲ್ಲ, ಇದನ್ನು ಬೆಳೆಗಾರರು ಗಮನಿಸಬೇಕು. 2022ರ ಮೇ ತಿಂಗಳಿನಿಂದ 2024ರ ಮಾರ್ಚ್‌ವರೆಗೆ ಲೀಟರಿಗೆ 88 ರೂಪಾಯಿ ಆಸುಪಾಸಿನಲ್ಲೇ ನಿಂತಿತ್ತು. ಹೂವಿನ ಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟಾಗ ಹಗಲು ರಾತ್ರಿ ಪಂಪ್ ಓಡಿಸಿ ನೀರು ಹಾರಿಸುವವರು ನಾವು. ತೈಲ ಅಗ್ಗವಾದರೆ ಖರ್ಚು ಇಳಿಯುತ್ತದೆ, ದುಬಾರಿಯಾದರೆ ಷೇರಿನಿಂದ ಸರಿದೂಗುತ್ತದೆ ಎಂಬ ಲೆಕ್ಕ ಪುಸ್ತಕದಲ್ಲಿ ಚೆಂದ. ನಮ್ಮಲ್ಲಿ ಬಂಕಿನ ಬೆಲೆ ಬೇರೆಯೇ ದಾರಿ ಹಿಡಿಯುತ್ತದೆ, ಆದ್ದರಿಂದ ಡೀಸೆಲ್ ಖರ್ಚಿಗೆ ರಕ್ಷಣೆಯೆಂದು ತೈಲದ ಷೇರು ಕೊಳ್ಳಬೇಡಿ.

2024ರ ಫೆಬ್ರವರಿಯ ನಂತರ ಹೊಸ ಗೋಲ್ಡ್ ಬಾಂಡ್ ಬಂದಿಲ್ಲ. ಈಗ ಕಾಫಿ ದುಡ್ಡು ಬಂದಾಗ ಅಷ್ಟೇ ತೂಕಕ್ಕೆ ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಚಿನ್ನದ ನಿಧಿ) ಕೊಳ್ಳುತ್ತೇನೆ. ಮೊಬೈಲಿನಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಗೋಲ್ಡ್, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಂತ್ರಣದಲ್ಲಿಲ್ಲ, ಅದನ್ನು ಮುಟ್ಟುವುದಿಲ್ಲ. ತೈಲದ ಷೇರು ಸದ್ಯ ಒಂದೂ ಇಲ್ಲ. ಭಯಕ್ಕೆ ಬಿದ್ದ ಬೆಲೆ ಮತ್ತೆ ಸಿಕ್ಕಿದರೆ ನೋಡೋಣ. ಮಾರ್ಚ್ 2023ರ ಬಾಂಡಿಗೆ 2028ರಲ್ಲಿ ಐದು ವರ್ಷ ತುಂಬುತ್ತದೆ, ಆಗ ಅವಧಿಗೆ ಮುಂಚೆ ಬಿಡಿಸಿಕೊಳ್ಳುವ ಅವಕಾಶವಿದೆ. ಮಗಳ ಕಾಲೇಜಿನ ಫೀಸಿಗೆ ಬೇಕಾದರೆ ಒಂದು ಪಾಲು ಬಿಡಿಸುತ್ತೇನೆ, ಉಳಿದದ್ದು 2031ರವರೆಗೆ ಹಾಗೇ ಇರುತ್ತದೆ.