ನಾರ್ಮರ್‌ನ ಕಾಡಿಗೆ ಕಲ್ಲನ್ನು ಓದುವ ಬಗೆ

ಸುಮಾರು 64 ಸೆಂಟಿಮೀಟರ್ ಎತ್ತರ, 42 ಸೆಂಟಿಮೀಟರ್ ಅಗಲದ, ಗುರಾಣಿಯಂತೆ ಕೆಳಮುಖವಾಗಿ ಕಿರಿದಾಗುವ ಒಂದು ಹಸಿರುಬೂದು ಕಲ್ಲು ಕೈರೋದ ಈಜಿಪ್ಟ್ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕ್ರಿ.ಪೂ. 3100ರ ಆಸುಪಾಸಿನ ಈ ಕಲ್ಲನ್ನು ಪ್ರಾಚೀನ ಈಜಿಪ್ಟಿನ ಅರಸ ನಾರ್ಮರ್‌ನ ಹೆಸರಿನಿಂದ ನಾರ್ಮರ್ ಫಲಕ ಎನ್ನುತ್ತಾರೆ. ‘ನಾರ್ಮರ್ ಮೇಲಣ (ದಕ್ಷಿಣದ) ಮತ್ತು ಕೆಳಗಣ (ಉತ್ತರದ) ಈಜಿಪ್ಟುಗಳನ್ನು ಒಂದುಗೂಡಿಸಿದನು’ ಎಂಬ ಒಂದೇ ವಾಕ್ಯದಲ್ಲಿ ಇದರ ಪರಿಚಯ ಮುಗಿದುಹೋಗುವುದೇ ಹೆಚ್ಚು. ಆದರೆ ಆ ವಾಕ್ಯವನ್ನು ಕಲ್ಲಿನ ಮೇಲೆ ಯಾರೂ ಕೊರೆದಿಲ್ಲ. ಕೊರೆದಿರುವುದು ಬೇರೆಯೇ ಇದೆ, ಮತ್ತು ಅದು ಆ ವಾಕ್ಯಕ್ಕಿಂತ ಬಹಳ ಸಂಪನ್ನವಾಗಿದೆ. ಚಿತ್ರಲಿಪಿಯ ಪಾಂಡಿತ್ಯವಿಲ್ಲದ ಓದುಗರೂ ಎರಡು ಸಂಜೆಗಳ ತಾಳ್ಮೆಯಿಂದ ಈ ಫಲಕವನ್ನು ತಾವೇ ಓದಿಕೊಳ್ಳಬಹುದು. ಯಾವ ಕ್ರಮದಲ್ಲಿ ಓದಬೇಕು ಮತ್ತು ಎಲ್ಲಿ ನಿಂತು ಅನುಮಾನಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಎರಡೂ ಮುಖಗಳ ಸ್ಪಷ್ಟವಾದ ಛಾಯಾಚಿತ್ರಗಳನ್ನು, ಸಾಧ್ಯವಾದರೆ ಅವುಗಳ ರೇಖಾಚಿತ್ರಗಳನ್ನೂ ಹೊಂದಿಸಿಕೊಳ್ಳಿ. ಉಬ್ಬು ಬಹಳ ತೆಳುವಾಗಿರುವುದರಿಂದ ಛಾಯಾಚಿತ್ರದಲ್ಲಿ ನೆರಳು ನುಂಗಿದ ವಿವರಗಳು ರೇಖಾಚಿತ್ರದಲ್ಲಿ ಸಿಗುತ್ತವೆ. ಅನಂತರ ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯಿರಿ. ಕಣ್ಣಿಗೆ ಕಾಣುವುದನ್ನು ಮೊದಲನೆಯದರಲ್ಲಿ, ಇತರ ವಸ್ತುಗಳ ಸಾಕ್ಷ್ಯದಿಂದ ದೃಢವಾಗುವ ಅರ್ಥವನ್ನು ಎರಡನೆಯದರಲ್ಲಿ, ಊಹೆಯನ್ನು ಮೂರನೆಯದರಲ್ಲಿ ಬರೆಯಿರಿ. ಈ ಫಲಕದ ಬಗ್ಗೆ ಹರಡಿರುವ ತಪ್ಪುಗಳಲ್ಲಿ ಬಹುಪಾಲು ಮೂರನೆಯ ಅಂಕಣದ ಮಾತು ಸದ್ದಿಲ್ಲದೆ ಮೊದಲನೆಯದಕ್ಕೆ ನುಸುಳಿದ್ದರಿಂದ ಹುಟ್ಟಿದವು.

ಓದುವ ಮುನ್ನ ವಸ್ತು ಏನೆಂದು ತಿಳಿದಿರಬೇಕು. ಒಂದು ಮುಖದ ನಡುವೆ ದುಂಡನೆಯ ಗುಳಿಯೊಂದಿದೆ. ನೈಲ್ ಕಣಿವೆಯ ಜನರು ಮಲಕೈಟ್‌ನಂಥ ಖನಿಜಗಳನ್ನು ಕಲ್ಲಿನ ಮೇಲೆ ಅರೆದು ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದರು. ಇದು ಮೂಲತಃ ಅಂಥ ಕಾಡಿಗೆ ಅರೆಯುವ ಕಲ್ಲಿನ ವಂಶಕ್ಕೆ ಸೇರಿದ್ದು. ದಿನಬಳಕೆಯ ಕಲ್ಲುಗಳು ಅಂಗೈಯಗಲ ಇರುತ್ತಿದ್ದವು, ಸಮಾಧಿಗಳಲ್ಲಿ ಅವು ಹೇರಳವಾಗಿ ಸಿಕ್ಕಿವೆ. ಇಷ್ಟು ದೊಡ್ಡದಾದ, ಎರಡೂ ಕಡೆ ಶಿಲ್ಪ ತುಂಬಿದ ಕಲ್ಲು ಮನೆಬಳಕೆಯದಲ್ಲ. ದಕ್ಷಿಣ ಈಜಿಪ್ಟಿನ ಹಿಯರಕಾನ್‌ಪೊಲಿಸ್‌ನಲ್ಲಿ, ಅಂದರೆ ಪ್ರಾಚೀನ ನೆಖೆನ್‌ನಲ್ಲಿ, ಗಿಡುಗ ರೂಪದ ದೇವರಾದ ಹೋರಸ್‌ನ ದೇವಾಲಯದ ಆವರಣದಲ್ಲಿ ಜೇಮ್ಸ್ ಕ್ವಿಬೆಲ್ ಮತ್ತು ಫ್ರೆಡ್ರಿಕ್ ಗ್ರೀನ್ 1897–98ರ ಉತ್ಖನನದಲ್ಲಿ ಇದನ್ನು ಹೊರತೆಗೆದರು. ಸಿಕ್ಕ ನಿಖರ ಜಾಗದ ಬಗ್ಗೆ ಅವರಿಬ್ಬರ ದಾಖಲೆಗಳು ಪೂರ್ಣವಾಗಿ ಹೊಂದುವುದಿಲ್ಲ. ಆದ್ದರಿಂದ ಮಣ್ಣಿನ ಪದರದಿಂದ ಕಾಲವನ್ನು ನಿರ್ಣಯಿಸಲಾಗುವುದಿಲ್ಲ, ಅದರ ಮೇಲಿರುವ ಹೆಸರೇ ಕಾಲಕ್ಕೆ ಆಧಾರವಾಗಬೇಕು. ಅನುಕೂಲಕ್ಕಾಗಿ ಗುಳಿ ಇರುವ ಕಡೆಯನ್ನು ಗುಳಿಯ ಮುಖ ಎಂದೂ ಇನ್ನೊಂದನ್ನು ಗದೆಯ ಮುಖ ಎಂದೂ ಕರೆಯೋಣ.

ಹಾಗಾಗಿ ಓದು ಹೆಸರಿನಿಂದಲೇ ಆರಂಭವಾಗಲಿ. ಎರಡೂ ಮುಖಗಳ ತುದಿಯಲ್ಲಿ, ಕೊಂಬು ಮತ್ತು ಹಸುವಿನ ಕಿವಿಗಳುಳ್ಳ ಎರಡು ಹೆಣ್ಣು ಮುಖಗಳ ನಡುವೆ, ಅರಮನೆಯ ಗೋಡೆಯನ್ನು ಸೂಚಿಸುವ ಚೌಕಟ್ಟೊಂದಿದೆ. ಇದಕ್ಕೆ ಸೆರೆಖ್ ಎನ್ನುತ್ತಾರೆ. ಅದರೊಳಗೆ ಒಂದು ಮೀಸೆಮೀನು, ಅದರ ಕೆಳಗೆ ಒಂದು ಉಳಿ. ಮೀನಿನ ಹೆಸರಿನ ಧ್ವನಿ ‘ನಾರ್’, ಉಳಿಯದು ‘ಮೆರ್’. ಚಿತ್ರದ ವಸ್ತುವನ್ನು ಬಿಟ್ಟು ಅದರ ಹೆಸರಿನ ಸದ್ದನ್ನು ಮಾತ್ರ ಎತ್ತಿಕೊಳ್ಳುವ ಈ ಉಪಾಯ ಕನ್ನಡಿಗರಿಗೆ ಕಷ್ಟವಾಗದು. ‘ಕಾಲು’ ಎಂಬುದಕ್ಕೆ ಪಾದದ ಚಿತ್ರ ಬರೆದು, ಅದೇ ಚಿತ್ರದಿಂದ ನಾಲ್ಕರಲ್ಲಿ ಒಂದು ಭಾಗ ಎಂಬ ಅರ್ಥವನ್ನೂ ಹೊರಡಿಸಿದರೆ ಹೇಗೋ ಹಾಗೆ. ಬರವಣಿಗೆ ಹುಟ್ಟುವುದು ಈ ತಿರುವಿನಲ್ಲಿ. ಆದರೆ ನಮ್ಮ ಗುಣಿತಾಕ್ಷರಗಳಂತೆ ಸ್ವರವನ್ನು ಗುರುತಿಸುವ ವ್ಯವಸ್ಥೆ ಆ ಲಿಪಿಗೆ ಇರಲಿಲ್ಲ. ವ್ಯಂಜನಗಳಷ್ಟೇ ಬರಹದಲ್ಲಿವೆ, ಸ್ವರಗಳನ್ನು ಉಚ್ಚಾರಣೆಯ ಅನುಕೂಲಕ್ಕೆ ವಿದ್ವಾಂಸರು ಸೇರಿಸಿದ್ದಾರೆ. ಎರಡನೆಯ ಅಂಕಣದಲ್ಲಿ ‘ನಾರ್ಮರ್ ಎಂದು ರೂಢಿಯಲ್ಲಿ ಓದುವ ಅರಸ’ ಎಂದು ಬರೆಯುವುದು ಸರಿಯಾದೀತು.

ಇನ್ನು ಚಿತ್ರವನ್ನು ನೋಡುವ ನಿಯಮಗಳು. ದೃಶ್ಯವು ನೆಲಗೆರೆಗಳಿಂದ ಅಡ್ಡಪಟ್ಟಿಗಳಾಗಿ ವಿಂಗಡಗೊಂಡಿದೆ. ವೀರಗಲ್ಲುಗಳನ್ನು ನೋಡಿ ಅಭ್ಯಾಸವಿದ್ದವರು ಕೆಳಗಿನ ಪಟ್ಟಿಯಿಂದ ಮೇಲಕ್ಕೆ, ಹೋರಾಟದಿಂದ ಸ್ವರ್ಗಕ್ಕೆ, ಕಥೆಯೊಂದು ಏರುತ್ತದೆಂದು ನಿರೀಕ್ಷಿಸುತ್ತಾರೆ. ಆ ಅಭ್ಯಾಸವನ್ನು ಇಲ್ಲಿ ಬದಿಗಿಡಬೇಕು, ಏಕೆಂದರೆ ಈ ಪಟ್ಟಿಗಳು ಕಾಲಾನುಕ್ರಮದಲ್ಲಿವೆ ಎನ್ನಲು ಆಧಾರವಿಲ್ಲ. ಗಾತ್ರವು ದೂರವನ್ನಲ್ಲ, ಸ್ಥಾನವನ್ನು ಹೇಳುತ್ತದೆ. ಅರಸ ಎಲ್ಲರಿಗಿಂತ ದೊಡ್ಡವನು, ಅವನ ಸೇವಕರು ಅವನ ಸೊಂಟದಷ್ಟು ಎತ್ತರದವರು, ಧ್ವಜ ಹಿಡಿದವರು ಇನ್ನೂ ಚಿಕ್ಕವರು. ಮುಖ ಪಕ್ಕದಿಂದ, ಕಣ್ಣು ಎದುರಿನಿಂದ, ಭುಜಗಳು ಎದುರಿನಿಂದ, ಕಾಲುಗಳು ಮತ್ತೆ ಪಕ್ಕದಿಂದ ಕಾಣುತ್ತವೆ. ಶಿಲ್ಪಿಗೆ ಬೇಕಿದ್ದದ್ದು ಒಂದು ಕ್ಷಣದ ನೋಟವಲ್ಲ, ದೇಹದ ಪ್ರತಿಯೊಂದು ಅಂಗವೂ ಅದರ ಪೂರ್ಣ ರೂಪದಲ್ಲಿ ಗುರುತಾಗುವುದು.

ಗುಳಿಯ ಮುಖದ ಮೇಲಿನ ಪಟ್ಟಿಯನ್ನು ಈಗ ನಿಧಾನವಾಗಿ ನೋಡಿ. ಮುಂದೆ ಸುರುಳಿಯುಳ್ಳ ಕೆಂಪು ಕಿರೀಟ ಧರಿಸಿದ ಅರಸ ಬಲಕ್ಕೆ ನಡೆಯುತ್ತಿದ್ದಾನೆ. ಅವನ ಎದುರು ಮೀನು ಮತ್ತು ಉಳಿ ಮತ್ತೊಮ್ಮೆ ಬಂದಿರುವುದರಿಂದ ಅವನು ಯಾರೆಂಬ ಸಂಶಯವಿಲ್ಲ. ಹಿಂದೆ ಪಾದರಕ್ಷೆಗಳನ್ನು ಹೊತ್ತ ಸೇವಕ, ಮುಂದೆ ಅಧಿಕಾರಿಯಂತಿರುವ ಒಬ್ಬ, ಅವನಿಗೂ ಮುಂದೆ ಧ್ವಜಸ್ತಂಭ ಹಿಡಿದ ನಾಲ್ವರು ಇದ್ದಾರೆ. ಪಟ್ಟಿಯ ಬಲತುದಿಯಲ್ಲಿ ತಲೆ ಕಡಿದ ಹತ್ತು ದೇಹಗಳು ಎರಡು ಸಾಲಾಗಿ ಮಲಗಿವೆ, ಕತ್ತರಿಸಿದ ತಲೆಗಳನ್ನು ಕಾಲುಗಳ ನಡುವೆ ಇಡಲಾಗಿದೆ. ಈ ನಿರ್ದಯ ಅಚ್ಚುಕಟ್ಟುತನವೇ ಮುಖ್ಯ ಸುಳಿವು. ಇಲ್ಲಿ ಯುದ್ಧದ ಗಲಿಬಿಲಿಯಿಲ್ಲ. ಯುದ್ಧ ಮುಗಿದ ಮೇಲೆ, ಅರಸನು ವಿಧ್ಯುಕ್ತವಾಗಿ ಪರಿಶೀಲಿಸುವ ಎಣಿಕೆ ಇದೆ.

ಅದರ ಕೆಳಗೆ, ಗುಳಿಯನ್ನು ಸುತ್ತುವರಿದು ಹೆಣೆದುಕೊಂಡ ಉದ್ದ ಕತ್ತಿನ ಎರಡು ಮೃಗಗಳಿವೆ. ಇಬ್ಬರು ಅವುಗಳನ್ನು ಹಗ್ಗದಿಂದ ಹಿಡಿದೆಳೆದಿದ್ದಾರೆ. ಇವು ಎರಡು ನಾಡುಗಳ ಐಕ್ಯದ ಸಂಕೇತವೆಂದು ಅನೇಕರು ಹೇಳುತ್ತಾರೆ. ಅದನ್ನು ಮೂರನೆಯ ಅಂಕಣದಲ್ಲಿ ಬರೆಯಿರಿ. ಎರಡನೆಯದರಲ್ಲಿ ಬರೆಯಬೇಕಾದ, ನನಗೆ ಅದಕ್ಕಿಂತ ಬೆಲೆಯುಳ್ಳದ್ದೆಂದು ತೋರುವ ಸಂಗತಿ ಬೇರೆ: ಇದೇ ಬಗೆಯ ಕತ್ತು ಹೆಣೆದ ಮೃಗಗಳು ಮೆಸೊಪೊಟೇಮಿಯಾದ ಉರುಕ್ ಕಾಲದ ಉರುಳೆ ಮುದ್ರೆಗಳ ಮೇಲೂ ಇವೆ. ಮುದ್ರೆಗಳಂಥ ಚಿಕ್ಕ ವಸ್ತುಗಳು ವ್ಯಾಪಾರದ ದಾರಿಯಲ್ಲಿ ಕೈಯಿಂದ ಕೈಗೆ ದಾಟುತ್ತ ನೈಲ್ ತೀರಕ್ಕೆ ಚಿತ್ರಗಳನ್ನೂ ಹೊತ್ತು ತಂದಿದ್ದವು. ಈಜಿಪ್ಟಿನ ಶಿಲ್ಪಿ ಆ ಚಿತ್ರವನ್ನು ಪಡೆದು, ಕತ್ತುಗಳ ಬಳುಕಿನಿಂದಲೇ ಕಾಡಿಗೆಯ ಗುಳಿಗೆ ಅಂಚು ಕಟ್ಟಿದ್ದಾನೆ. ಎರವಲು ತಂದದ್ದನ್ನು ತನ್ನ ವಸ್ತುವಿನ ಬಳಕೆಗೆ ಇಷ್ಟು ಸಹಜವಾಗಿ ಬೆಸೆದ ಆ ಕೈಚಳಕವನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ.

ಅತ್ಯಂತ ಕೆಳಗೆ ಒಂದು ಗೂಳಿ ಕೋಟೆಯ ಗೋಡೆಯನ್ನು ಕೊಂಬಿನಿಂದ ಕೆಡವಿ, ಬಿದ್ದವನನ್ನು ತುಳಿಯುತ್ತಿದೆ. ಈಗ ಫಲಕವನ್ನು ತಿರುಗಿಸಿ ಗದೆಯ ಮುಖದಲ್ಲಿ ಅರಸನ ಸೊಂಟವನ್ನು ನೋಡಿ. ಅಲ್ಲಿ ಗೂಳಿಯ ಬಾಲ ಕಟ್ಟಿದೆ. ಎರಡು ಮುಖಗಳನ್ನು ಜೋಡಿಸುವ ಎಳೆ ಇದು. ಗೂಳಿಯೆಂದರೆ ಅರಸನೇ ಎಂಬ ಓದಿಗೆ, ಪ್ಯಾರಿಸ್‌ನ ಲೂವ್ರ್ ಸಂಗ್ರಹದಲ್ಲಿರುವ ಅದೇ ಯುಗದ ಗೂಳಿ ಫಲಕವೂ, ಒಂದೂವರೆ ಸಾವಿರ ವರ್ಷಗಳ ಅನಂತರದ ಫೇರೋಗಳು ಧರಿಸಿದ ‘ಬಲಿಷ್ಠ ಗೂಳಿ’ ಎಂಬ ಬಿರುದೂ ಬೆಂಬಲ ಕೊಡುತ್ತವೆ.

ಗದೆಯ ಮುಖದಲ್ಲಿ ಅರಸ ಬಿಳಿ ಕಿರೀಟ ಧರಿಸಿ, ಮಂಡಿಯೂರಿದ ಶತ್ರುವಿನ ಕೂದಲನ್ನು ಹಿಡಿದು, ಇನ್ನೊಂದು ಕೈಯಲ್ಲಿ ಗದೆಯನ್ನೆತ್ತಿದ್ದಾನೆ. ಶತ್ರುವಿನ ಪಕ್ಕದಲ್ಲಿ ಈಟಿಗಾಳದ ಚಿಹ್ನೆ ಮತ್ತು ಕೊಳದ ಚಿಹ್ನೆ ಇವೆ. ಇವು ವ್ಯಕ್ತಿಯ ಹೆಸರೂ ಆಗಬಹುದು, ಪ್ರದೇಶದ ಹೆಸರೂ ಆಗಬಹುದು. ಈಟಿಗಾಳವು ಮುಂದೆ ನೈಲ್ ಮುಖಜಭೂಮಿಯ ಪ್ರಾಂತವೊಂದರ ಗುರುತಾಯಿತು, ಮತ್ತು ಗುಳಿಯ ಮುಖದಲ್ಲಿ ಕಡಿದ ದೇಹಗಳ ಮೇಲಣ ದೋಣಿಯ ಬಳಿಯೂ ಅದೇ ಚಿಹ್ನೆ ಬರುತ್ತದೆ. ಹಿಂದೆ ನಿಂತ ಪಾದರಕ್ಷೆಯ ಸೇವಕನ ತಲೆಯ ಹತ್ತಿರ ಹೂವಿನಾಕಾರದ ಗುರುತೊಂದಿದೆ. ಹಿಯರಕಾನ್‌ಪೊಲಿಸ್‌ನಲ್ಲೇ ಸಿಕ್ಕ, ‘ಚೇಳು’ ಎಂದು ಕರೆಯಲಾಗುವ ಇನ್ನೊಬ್ಬ ಅರಸನ ಗದೆಯ ತಲೆಯ ಮೇಲೆ ಇಂಥದೇ ಹೂವು ಅರಸನ ಎದುರೇ ಇರುವುದರಿಂದ, ಇದು ‘ಒಡೆಯ’ ಎಂಬ ಅರ್ಥದ್ದಾಗಿರಬೇಕು. ಕೆಳಗಿನ ಪಟ್ಟಿಯಲ್ಲಿ ಇಬ್ಬರು ನಗ್ನ ಶತ್ರುಗಳು ಓಡುತ್ತಲೋ ಬೀಳುತ್ತಲೋ ಇದ್ದಾರೆ.

ಅತಿ ಹೆಚ್ಚು ಎಚ್ಚರಿಕೆ ಬೇಕಾದ ಭಾಗ ಇದೇ ಮುಖದ ಬಲಮೇಲ್ಭಾಗದಲ್ಲಿದೆ. ಅಲ್ಲಿ ಮನುಷ್ಯನ ತಲೆಯುಳ್ಳ ನೆಲದ ತುಂಡೊಂದರಿಂದ ಆರು ಪಪೈರಸ್ ಜೊಂಡುಗಳು ಎದ್ದಿವೆ. ಗಿಡುಗವೊಂದು ಆ ತಲೆಯ ಮೂಗಿಗೆ ಹಗ್ಗ ಹಾಕಿ ಹಿಡಿದಿದೆ. ಗಿಡುಗ ಹೋರಸ್, ಅಂದರೆ ಅರಸ. ಜೊಂಡು ಬೆಳೆಯುವ ನೆಲ ಉತ್ತರದ ಜೌಗು. ಆದ್ದರಿಂದ ಅರಸ ಉತ್ತರವನ್ನು ಹಿಡಿತಕ್ಕೆ ತಂದನು ಎಂಬ ಓದು ಬಲವಾಗಿಯೇ ಇದೆ. ಆದರೆ ಒಂದೊಂದು ಜೊಂಡಿಗೆ ಸಾವಿರದಂತೆ 6,000 ಸೆರೆಯಾಳುಗಳು ಎಂಬ ಲೆಕ್ಕವನ್ನು ಹಾಗೆಯೇ ಒಪ್ಪಬೇಡಿ. ಈಜಿಪ್ಟಿನವರ ಸಾವಿರದ ಅಂಕಿ ತಾವರೆಯ ಗಿಡ, ಪಪೈರಸ್ ಅಲ್ಲ. ಮೇಲಾಗಿ ಇದೇ ನಾರ್ಮರ್‌ನ ಗದೆಯ ತಲೆಯೊಂದು ಆಕ್ಸ್‌ಫರ್ಡ್‌ನ ಆಶ್‌ಮೋಲಿಯನ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ 4,00,000 ದನಗಳು, 14,22,000 ಆಡುಗಳು, 1,20,000 ಸೆರೆಯಾಳುಗಳು ಎಂದು ನಿಜವಾದ ಅಂಕಿಗಳಲ್ಲೇ ಬರೆಯಲಾಗಿದೆ. ಆ ಮೊತ್ತಗಳನ್ನು ಎಷ್ಟು ನಂಬಬೇಕೆಂಬುದು ಬೇರೆ ಮಾತು. ಲಕ್ಷ, ದಶಲಕ್ಷಗಳನ್ನು ಬರೆಯಬಲ್ಲ ಆಸ್ಥಾನವು ಸಂಖ್ಯೆಯನ್ನೇ ಹೇಳಬೇಕೆಂದಿದ್ದರೆ ಇಲ್ಲೂ ಅಂಕಿಗಳನ್ನೇ ಬಳಸುತ್ತಿತ್ತು ಎಂಬುದು ನನ್ನ ವಾದ.

ಕಿರೀಟಗಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಬಿಳಿಯದು ದಕ್ಷಿಣದ್ದು, ಕೆಂಪು ಉತ್ತರದ್ದು ಎಂಬುದು ಮುಂದಿನ ಕಾಲಕ್ಕೆ ಖಚಿತವಾಗಿ ಸಲ್ಲುತ್ತದೆ. ಆದರೆ ಕೆಂಪು ಕಿರೀಟದ ಅತ್ಯಂತ ಹಳೆಯ ಚಿತ್ರವಿರುವ ಮಡಕೆಯ ಚೂರು ಸಿಕ್ಕಿರುವುದು ದಕ್ಷಿಣದ ನಕಾಡದಲ್ಲಿ, ಅದೂ ನಾರ್ಮರ್‌ಗಿಂತ ಬಹಳ ಹಿಂದಿನ ಸಮಾಧಿಯಲ್ಲಿ. ಒಂದೇ ಅರಸ ಎರಡೂ ಕಿರೀಟಗಳನ್ನು ಧರಿಸಿದ್ದಾನೆ ಎಂಬುದು ಕಾಣುವ ಸಂಗತಿ. ಅವು ಆಗಲೇ ಎರಡು ನಾಡುಗಳನ್ನು ಸೂಚಿಸುತ್ತಿದ್ದವು ಎಂಬುದನ್ನು ಕಲ್ಲು ತಾನಾಗಿ ಹೇಳುವುದಿಲ್ಲ.

ಮೊದಲ ಸಂಜೆಯ ಕೆಲಸ ಇಷ್ಟು. ಎರಡನೆಯ ಸಂಜೆ ಫಲಕವನ್ನು ಅದರ ಬಂಧುಗಳ ಪಕ್ಕದಲ್ಲಿಟ್ಟು ನೋಡಬೇಕು, ಏಕೆಂದರೆ ಒಂಟಿ ವಸ್ತುವಿನಿಂದ ಇತಿಹಾಸ ಹೊರಡುವುದಿಲ್ಲ. ಗಂಟರ್ ಡ್ರೇಯರ್ ನೇತೃತ್ವದ ಜರ್ಮನ್ ತಂಡಕ್ಕೆ ಅಬೈಡೋಸ್‌ನ ರಾಜಸಮಾಧಿಗಳಲ್ಲಿ ಸಿಕ್ಕ ಒಂದು ಚಿಕ್ಕ ಚೀಟಿಯಲ್ಲಿ, ಕೈಗಳುಳ್ಳ ಮೀಸೆಮೀನೊಂದು, ತಲೆಯ ಮೇಲೆ ಪಪೈರಸ್ ಬೆಳೆದ ಶತ್ರುವನ್ನು ಹೊಡೆಯುತ್ತಿದೆ. ಸರಕಿನ ಪಾತ್ರೆಗೆ ಕಟ್ಟುವ ಇಂಥ ಚೀಟಿಗಳು ವರ್ಷವನ್ನು ಅದರ ಮುಖ್ಯ ಘಟನೆಯಿಂದ ಗುರುತಿಸುತ್ತಿದ್ದವು. ಆದ್ದರಿಂದ ಫಲಕದ ಹಿಂದೆ ಉತ್ತರದಲ್ಲಿ ನಡೆದ ಒಂದು ನಿಜವಾದ ದಂಡಯಾತ್ರೆ ಇದ್ದಿರಬಹುದು.

ಆದರೆ ಒಂದು ದಂಡಯಾತ್ರೆಯೆಂದರೆ ಒಂದು ದೇಶದ ಜನನವಲ್ಲ. ಅಬೈಡೋಸ್‌ನ ಯು-ಜೆ ಎಂಬ ಸಮಾಧಿಯಲ್ಲಿ ನಾರ್ಮರ್‌ಗಿಂತ ಒಂದು ಶತಮಾನಕ್ಕೂ ಹಿಂದೆಯೇ ಬರವಣಿಗೆಯುಳ್ಳ ಚೀಟಿಗಳು ಇದ್ದವು. ಅವನ ಹಿಂದಿನವರಾದ ಇರಿ-ಹೋರ್ ಮತ್ತು ಕಾ ಎಂಬ ಅರಸರ ಹೆಸರುಗಳು ಉತ್ತರದಲ್ಲೂ ದೊರೆತಿವೆ. ಸಿನಾಯ್‌ನ ಬಂಡೆಯೊಂದರ ಮೇಲೆ 2012ರಲ್ಲಿ ಪಿಯರ್ ಟಾಲೆ ಕಂಡ ಬರಹದಲ್ಲಿ ಇರಿ-ಹೋರ್‌ನ ಹೆಸರಿನೊಂದಿಗೆ ಉತ್ತರದ ಮೆಂಫಿಸ್ ನಗರದ ಹೆಸರೂ ಇದೆ. ನಕಾಡದ ಸಂಸ್ಕೃತಿ, ಅದರ ಮಡಕೆ, ಅದರ ಸಮಾಧಿ ಪದ್ಧತಿ ಎಲ್ಲವೂ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದುದ್ದಕ್ಕೂ ಮೆಲ್ಲನೆ ಉತ್ತರಕ್ಕೆ ಹರಿದಿದ್ದವು. ಹೀಗಾಗಿ ‘ಒಂದುಗೂಡಿಸಿದನು’ ಎಂಬ ಏಕವಚನದ ಕ್ರಿಯಾಪದ ಹಲವು ತಲೆಮಾರುಗಳ ಕೆಲಸವನ್ನು ಒಬ್ಬನ ಹೆಗಲಿಗೆ ಹೊರಿಸುತ್ತದೆ. ಆದರೂ ಅಬೈಡೋಸ್‌ನ ಮುದ್ರೆಯಚ್ಚುಗಳಲ್ಲಿ ಮೊದಲನೆಯ ರಾಜವಂಶದ ಪಟ್ಟಿ ನಾರ್ಮರ್‌ನಿಂದಲೇ ಆರಂಭವಾಗುವುದನ್ನು ಮರೆಯಬಾರದು. ಅನಂತರದ ಅರಸರು ತಮ್ಮ ಆದಿಯನ್ನು ಅವನಲ್ಲೇ ಕಂಡರು.

ಕೊನೆಯದಾಗಿ, ಗದೆ ಎತ್ತಿದ ಆ ಭಂಗಿಯನ್ನೇ ಹಿಂದಕ್ಕೂ ಮುಂದಕ್ಕೂ ಹುಡುಕಿ. ಹಿಂದಕ್ಕೆ ಹೋದರೆ ಹಿಯರಕಾನ್‌ಪೊಲಿಸ್‌ನ 100ನೆಯ ಸಂಖ್ಯೆಯ ಸಮಾಧಿಯ ಗೋಡೆಯಲ್ಲಿ, ಕ್ರಿ.ಪೂ. 3500ರ ಸುಮಾರಿಗೆ, ಕಟ್ಟಿಹಾಕಿದ ಮೂವರ ಮುಂದೆ ಗದೆಯೆತ್ತಿದ ನಾಯಕನೊಬ್ಬನ ವರ್ಣಚಿತ್ರ ಸಿಗುತ್ತದೆ. ಮುಂದಕ್ಕೆ ಬಂದರೆ ಕಾರ್ನಾಕ್‌ನಲ್ಲಿ ಮೂರನೆಯ ಥಟ್‌ಮೋಸ್, ಮೆದಿನೆತ್ ಹಾಬುವಿನಲ್ಲಿ ಮೂರನೆಯ ರಾಮ್‌ಸೆಸ್ ಇದೇ ಭಂಗಿಯಲ್ಲಿ ನಿಂತಿದ್ದಾರೆ. ಫಿಲೆಯ ದೇವಾಲಯದ ಹೆಬ್ಬಾಗಿಲ ಗೋಪುರದ ಮೇಲೆ, ಗ್ರೀಕ್ ಮಾತಾಡುತ್ತಿದ್ದ ವಂಶದ ಹನ್ನೆರಡನೆಯ ಟಾಲೆಮಿ, ನಾರ್ಮರ್‌ನಿಂದ ಮೂರು ಸಾವಿರ ವರ್ಷಗಳಾಚೆ, ಅದೇ ರೀತಿ ಶತ್ರುಗಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕೈಯೆತ್ತಿದ್ದಾನೆ. ಆ ಗೋಡೆಯ ಚಿತ್ರವನ್ನು ಫಲಕದ ಪಕ್ಕದಲ್ಲಿಟ್ಟು, ಏನೇನು ಬದಲಾಗಿದೆ, ಏನೇನು ಬದಲಾಗಿಲ್ಲ ಎಂಬುದನ್ನು ಮೊದಲನೆಯ ಅಂಕಣದಲ್ಲಿ ಬರೆದುಕೊಳ್ಳಿ.